ಸಾವಿನ ಮನೆಯಲ್ಲಿ ಆಡಿದ ಒಂದು ಮಾತು

ಹೇಮಾವತಿ ದಂಡೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವನು. 3 ಎಕರೆ ರೊಬಸ್ಟಾ, ನೆರಳಿನ ಮರಗಳಿಗೆ ಹಬ್ಬಿಸಿದ ಒಂದಿಷ್ಟು ಮೆಣಸು, ಇಷ್ಟೇ ನನ್ನ ಆಸ್ತಿ. ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಹಿರಿಯ ಎಂದು ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ಇದನ್ನು ಬರೆಯಬೇಕೆಂದುಕೊಂಡು ತಿಂಗಳುಗಳೇ ಆದವು.

2025ರ ಜೂನ್ ನಿಮಗೆ ನೆನಪಿರಬಹುದು. ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ನಮ್ಮ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂದು ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಸತ್ತವರಲ್ಲಿ ಹರೆಯದವರೂ ಇದ್ದರು. ಬಸ್ಸಿನಲ್ಲಿ, ಸಂತೆಯಲ್ಲಿ, ಕ್ಷೌರದ ಅಂಗಡಿಯಲ್ಲಿ ಅದೇ ಮಾತು. ಆ ದಿನಗಳಲ್ಲೇ ನಮ್ಮ ಊರಿನಲ್ಲಿ, ನನ್ನ ತೋಟದ ಬೇಲಿಯಾಚೆಯ ಮನೆಯವನೂ ಹೋದ. ನಲವತ್ತು ದಾಟಿರಲಿಲ್ಲ. ಪಿಕಪ್ ವಾಹನದಲ್ಲಿ ಕಾಫಿ ಮೂಟೆಗಳನ್ನು ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಸಾಗಿಸುತ್ತಿದ್ದ. ಕುಡಿಯುತ್ತಿದ್ದ, ಅದೂ ನಿಜ. ಎರಡು ವರ್ಷಗಳಿಂದ ಸಭೆಗೆ ಬರುವುದನ್ನೂ ಬಿಟ್ಟಿದ್ದ.

ಮೂರನೆಯ ದಿನ ಹೋದೆ. ಅವನ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದಳು. ಚಿಕ್ಕ ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನಾನು ಪ್ರಾರ್ಥನೆ ಮಾಡಿದೆ. ಅಲ್ಲಿಗೆ ಎದ್ದು ಬಂದಿದ್ದರೆ ಈ ಬರಹವೇ ಬೇಕಿರಲಿಲ್ಲ. ಎದ್ದು ನಿಂತವನು ಹೇಳಿದೆ: "ದೇವರು ಈ ಮನೆಗೆ ಏನನ್ನೋ ಹೇಳುತ್ತಿದ್ದಾನೆ ತಂಗಿ. ಒಮ್ಮೆ ನಿಮ್ಮನ್ನು ನೀವೇ ಶೋಧಿಸಿಕೊಳ್ಳಿ."

ಅವಳು ನನ್ನ ಮುಖ ನೋಡಲಿಲ್ಲ. ಪಕ್ಕದ ಮನೆಯವರು ತಂದಿಟ್ಟಿದ್ದ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನ್ನ ಮುಂದಿಟ್ಟು, "ತಣ್ಣಗಾಗುತ್ತದೆ ಅಣ್ಣ, ಕುಡಿಯಿರಿ" ಎಂದಳು. ಕುಡಿದೆ. ಅದೂ ನನಗೆ ನಾಚಿಕೆಯ ವಿಷಯವೇ.

ಮರುದಿನ ಬೆಳಗ್ಗೆ ಯಾರಿಗೂ ಹೇಳದೆ ಹಾಸನಕ್ಕೆ ಹೋಗಿ ಇಸಿಜಿ ಮಾಡಿಸಿಕೊಂಡೆ. ಎಲ್ಲ ಸರಿಯಿದೆ ಎಂದರು. ಬಸ್ಸಿನಲ್ಲಿ ಮರಳುವಾಗ, ಆಲೂರು ದಾಟಿದ ಮೇಲೆ, ಹೊಳೆಯಿತು. ನಾನು ಆ ಮಾತು ಆಡಿದ್ದು ಅವಳಿಗಾಗಿ ಅಲ್ಲ. ಅವನು ಸತ್ತದ್ದು ಕುಡಿತದಿಂದ, ದೇವರನ್ನು ಬಿಟ್ಟದ್ದರಿಂದ ಎಂದಾದರೆ, ಕುಡಿಯದ, ದೇವರನ್ನು ಬಿಡದ ನಾನು ಬದುಕುತ್ತೇನೆ. ನನ್ನ ಎದೆಯ ಅಳುಕಿಗೆ ಅವಳ ಗಂಡನ ಹೆಣವನ್ನು ಮದ್ದು ಮಾಡಿಕೊಂಡಿದ್ದೆ.

ಈಗ ಕೇಳುವುದು ಎರಡು. ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಹೇಗೆ? ಕಷ್ಟದಲ್ಲಿರುವವರ ಎದುರು ಬೇಕಾಗುವ ತಿಳಿವಳಿಕೆಯನ್ನು ದೇವರಲ್ಲಿ ಕೇಳಬೇಕು ಎಂದು ನಾನೇ ಸಭೆಯಲ್ಲಿ ಎಷ್ಟೋ ಸಲ ಬೋಧಿಸಿದ್ದೇನೆ. ನಿಜಕ್ಕೂ ಕೇಳುವುದೆಂದರೆ ಏನು?

ಕಾಫಿಹೂವು

ಹಿಂದಕ್ಕೆ ಪಡೆಯಲು ಆಗುವುದಿಲ್ಲ. ನನ್ನ ಅಪ್ಪ ತೀರಿಕೊಂಡಾಗ ಒಬ್ಬರು ಹೇಳಿದ ಮಾತು 19 ವರ್ಷಗಳಾದರೂ ನನಗೆ ಅಕ್ಷರ ಬಿಡದೆ ನೆನಪಿದೆ. ಹೇಳಿದವರು ಮರೆತಿದ್ದಾರೆ. ನೀವು ಮರೆತಿಲ್ಲ, ಅಷ್ಟು ಸಮಾಧಾನ.

ಹಾಸನದ ದಾದಿ

ಆ ಎರಡು ತಿಂಗಳು ನಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ನಿಲ್ಲಲು ಜಾಗವಿರಲಿಲ್ಲ. ಎದೆ ಸ್ವಲ್ಪ ಚುಚ್ಚಿದರೂ ಜನ ಓಡಿ ಬರುತ್ತಿದ್ದರು. ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳಿಗೂ ನಮ್ಮವರು ಮುಗಿಬಿದ್ದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಹಾಸನದಲ್ಲಿ ಮಾತ್ರ ಅಸಹಜವಾಗಿ ಏನೋ ಏರಿದೆ ಎಂದು ಸಮಿತಿಗೆ ಕಾಣಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಗರೇಟು, ಮದ್ಯ, ಮನೆತನದಲ್ಲೇ ಹರಿದು ಬಂದ ಹೃದ್ರೋಗ, ಹೀಗೆ ಎಲ್ಲೆಡೆ ಇರುವ ಕಾರಣಗಳೇ ಇಲ್ಲಿಯೂ ಇದ್ದವು. ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇರೆಯವರಿಗಿಂತ ಐದಾರು ವರ್ಷ ಮೊದಲೇ ಆಗುತ್ತದೆ ಎಂಬುದು ಹಳೆಯ ಸಂಗತಿ. ಹುಟ್ಟಿನಿಂದಲೇ ರಕ್ತದಲ್ಲಿ ಕೊಬ್ಬು ಹೆಚ್ಚಿರುವವರಿದ್ದಾರೆ. ಒಂದು ತೊಟ್ಟು ಕುಡಿಯದಿದ್ದರೂ ಅವರ ರಕ್ತನಾಳ ಕಟ್ಟಿಕೊಳ್ಳಬಹುದು.

ಇದನ್ನು ಬರೆದದ್ದು ನಿಮಗೆ ಪಾಠ ಹೇಳಲಿಕ್ಕಲ್ಲ. ನನ್ನದೂ ಒಂದು ಮಾತಿದೆ. ನಿಮ್ಮ ಕಡೆಯಿಂದಲೇ ಒಬ್ಬರನ್ನು ಕರೆತಂದಿದ್ದರು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ತೋಟದಿಂದ ಮುಖ್ಯ ರಸ್ತೆ ಮುಟ್ಟುವುದು ಬೇರೆ ಲೆಕ್ಕ, ಆ ರಾತ್ರಿ ಮಳೆ. ಬರುವಷ್ಟರಲ್ಲಿ ಮುಗಿದಿತ್ತು. ನಾನು ಅವರ ಹೆಂಡತಿಗೆ, "ಇನ್ನೊಂದು ಗಂಟೆ ಮೊದಲು ಕರೆತಂದಿದ್ದರೆ..." ಎಂದೆ. ವೈದ್ಯಕೀಯವಾಗಿ ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಆ ಒಂದು ಗಂಟೆಯನ್ನು ಆಕೆ ಜೀವಮಾನವಿಡೀ ಹೊರುತ್ತಾಳೆ. ಹೊರಿಸಿದವಳು ನಾನು. ಪಾಪ, ಕರ್ಮ ಎಂಬ ಪದ ಬಳಸದವರೂ ತೀರ್ಪು ಕೊಡುತ್ತಾರೆ ಅಣ್ಣ. ನಮ್ಮದು ಬಿಳಿ ಬಟ್ಟೆಯ ತೀರ್ಪು.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ಹೇಮಾವತಿ ದಂಡೆಯವರೇ, ನೀವು ಸಭೆಯ ಹಿರಿಯರು. ತಪ್ಪು ಮಾಡದೆಯೂ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಬೈಬಲಿನ ಯೋಬನ ಕಥೆ ನಿಮಗೆ ಗೊತ್ತಿರುವುದೇ. ಆದರೂ ಒಮ್ಮೆ ಯೋಬನನ್ನು ಬಿಟ್ಟು, ಅವನ ಸ್ನೇಹಿತರನ್ನೇ ಹಿಂಬಾಲಿಸಿ ಓದಿ ನೋಡಿ. ನಾನು ಹಾಗೆ ಓದಲು ಶುರುಮಾಡಿದ್ದು ತಡವಾಗಿ, ನಿವೃತ್ತನಾದ ಮೇಲೆ.

ಎಲೀಫಜ, ಬಿಲ್ದದ, ಚೋಫರ ಕೆಟ್ಟವರಲ್ಲ. ಸುದ್ದಿ ಕೇಳಿ ತಮ್ಮ ತಮ್ಮ ಊರುಗಳಿಂದ ಹೊರಟು ಬಂದರು. ದೂರದಿಂದ ನೋಡಿ ಗುರುತು ಸಿಗದೆ ಅತ್ತರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು, ತುಟಿ ಬಿಚ್ಚಲಿಲ್ಲ. ಇಂದಿನ ದಿನಗಳಲ್ಲಿ ಏಳು ನಿಮಿಷ ಯಾರು ಕೂರುತ್ತಾರೆ? ಅವರು ಕೆಟ್ಟದ್ದು ಎಂಟನೆಯ ದಿನ, ಬಾಯಿ ತೆರೆದಾಗ.

ಬಾಯಿ ತೆರೆದದ್ದೂ ಮೆಲ್ಲಗೆಯೇ. ನಿರಪರಾಧಿ ನಾಶವಾದದ್ದನ್ನು ಎಂದಾದರೂ ಕಂಡಿದ್ದೀಯಾ ಎಂದು ಎಲೀಫಜ ಕೇಳುತ್ತಾನೆ. ಬಿಲ್ದದ ಪೂರ್ವಿಕರ ಅನುಭವವನ್ನು ಮುಂದಿಡುತ್ತಾನೆ. ಜೊತೆಗೆ ಸತ್ತ ಮಕ್ಕಳ ಮಾತೆತ್ತಿ, ಅವರು ಪಾಪ ಮಾಡಿದ್ದಿರಬಹುದು, ಅದಕ್ಕೆ ತಕ್ಕದ್ದು ಉಂಡರು ಎಂಬ ಧಾಟಿಯಲ್ಲಿ ಆಡುತ್ತಾನೆ. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆಯ ಮುಂದೆ! ಚೋಫರ ಇನ್ನೂ ಮುಂದೆ ಹೋಗಿ, ನಿನ್ನ ಪಾಪಕ್ಕಿಂತ ಕಡಿಮೆಯೇ ದಂಡ ಬಿದ್ದಿದೆ ಎನ್ನುತ್ತಾನೆ. ಯೋಬ ಒಪ್ಪುವುದಿಲ್ಲ. 22ನೆಯ ಅಧ್ಯಾಯಕ್ಕೆ ಬಂದರೆ ಅದೇ ಸಾಧು ಎಲೀಫಜ, ನೀನು ಬಡವರ ಬಟ್ಟೆ ಕಿತ್ತುಕೊಂಡೆ, ಬಾಯಾರಿದವನಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದೆ ಎಂದು ಆರೋಪಗಳನ್ನು ಎಣಿಸಿ ಹೇಳುತ್ತಾನೆ. ಇವುಗಳಲ್ಲಿ ಒಂದನ್ನೂ ಅವನು ಕಂಡಿಲ್ಲ. ನೋವಿದ್ದರೆ ಪಾಪ ಇರಲೇಬೇಕು ಎಂದು ಮೊದಲೇ ತೀರ್ಮಾನಿಸಿದವನಿಗೆ, ಪಾಪ ಸಿಗದಿದ್ದಾಗ ಹುಟ್ಟಿಸಿಕೊಳ್ಳದೆ ಬೇರೆ ದಾರಿಯಿಲ್ಲ. ನಾನು ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಹೀಗೆ ಮಾಡಿದ್ದೇನೆಂದು ಆ ಅಧ್ಯಾಯ ಓದಿದ ರಾತ್ರಿ ಲೆಕ್ಕ ಹಾಕಿದೆ. ನಿದ್ದೆ ಬರಲಿಲ್ಲ.

ಇನ್ನೊಂದು. ಸ್ನೇಹಿತರ ಮಾತುಗಳನ್ನೆಲ್ಲ ಹುಡುಕಿ ನೋಡಿ. ದೇವರ ಬಗ್ಗೆ ಪುಟಗಟ್ಟಲೆ ಮಾತನಾಡುತ್ತಾರೆ. ದೇವರೊಂದಿಗೆ ಒಂದು ಮಾತೂ ಇಲ್ಲ. ಕೂಗಾಡಿದರೂ, ಜಗಳವಾಡಿದರೂ, ದೇವರ ಕಡೆಗೆ ತಿರುಗಿ ಮಾತನಾಡುವವನು ಯೋಬನೊಬ್ಬನೇ. ನೀವು ಕೇಳಿದಿರಲ್ಲ, ಕೇಳುವುದೆಂದರೆ ಏನು ಎಂದು. ನನಗೆ ಹೊಳೆದ ಉತ್ತರದ ಒಂದು ತುದಿ ಇಲ್ಲಿದೆ.

ನಾನು ಕೆಲವು ವರ್ಷ ಕುದುರೆಮುಖದಲ್ಲಿ ಪಾಠ ಮಾಡಿದವನು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಕಬ್ಬಿಣದ ಅದಿರು ತೆಗೆಯುವುದನ್ನು ದಿನಾ ಕಿಟಕಿಯಿಂದ ಕಂಡಿದ್ದೇನೆ. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತಿತು, ಊರು ಖಾಲಿಯಾಯಿತು. ಯೋಬನ ಪುಸ್ತಕದ 28ನೆಯ ಅಧ್ಯಾಯ ಶುರುವಾಗುವುದೇ ಗಣಿಯ ವರ್ಣನೆಯಿಂದ. ಮನುಷ್ಯ ಬೆಟ್ಟವನ್ನು ಬುಡಮೇಲು ಮಾಡುತ್ತಾನೆ, ಕತ್ತಲೆಯಲ್ಲಿ ಹಗ್ಗಕ್ಕೆ ಜೋತುಬಿದ್ದು ಬೆಳ್ಳಿ, ಬಂಗಾರ, ಕಬ್ಬಿಣ, ನೀಲಮಣಿ ತೆಗೆಯುತ್ತಾನೆ. ಆದರೆ ಜ್ಞಾನ ಎಲ್ಲಿ ಸಿಗುತ್ತದೆ? ಆಳ ಹೇಳುತ್ತದೆ, ನನ್ನಲ್ಲಿಲ್ಲ. ಸಮುದ್ರ ಹೇಳುತ್ತದೆ, ನನ್ನ ಬಳಿಯೂ ಇಲ್ಲ. ಅದರ ದಾರಿ ಬಲ್ಲವನು ದೇವರೊಬ್ಬನೇ. ಇನ್ನೊಬ್ಬನ ದುಃಖವನ್ನು ಅಗೆದು ಅದರಿಂದ ದೇವರ ಮನಸ್ಸನ್ನು ಹೊರತೆಗೆಯುತ್ತೇನೆ ಎಂದು ಹೊರಟವನಿಗೆ ಸಿಗುವುದು ಬರೀ ಮಣ್ಣು.

(ದೀರ್ಘವಾಯಿತು. ಮೇಷ್ಟ್ರ ಚಾಳಿ, ಕ್ಷಮಿಸಿ.)

ಅರೇಬಿಕಾ ಅರ್ಧ ಎಕರೆ

ಧರ್ಮದ ವಿಷಯ ನನಗೆ ಅಷ್ಟು ತಿಳಿಯದು. ತೋಟದ ವಿಷಯ ಹೇಳುತ್ತೇನೆ. ಪಕ್ಕದವನ ಗಿಡಗಳಿಗೆ ಕಾಂಡಕೊರಕ ಬಿದ್ದಾಗ, ನೆರಳು ಹೆಚ್ಚು ಕಡಿದ, ಬುಡ ಉಜ್ಜಿಸಲಿಲ್ಲ, ಸೋಮಾರಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಮುಂದಿನ ವರ್ಷ ನನ್ನ ತೋಟದಲ್ಲಿ 200 ಗಿಡ ಕಿತ್ತು ಸುಟ್ಟೆ. ನನ್ನ ನೆರಳು ಸರಿಯಾಗಿಯೇ ಇತ್ತು. ಬೆಂಕಿ ಹಚ್ಚುವಾಗ ಜೊತೆಗೆ ನಿಂತು ಗಿಡ ಎಳೆದು ಹಾಕಿದವನು ಅದೇ ಪಕ್ಕದವನು. ಒಂದು ಮಾತೂ ಆಡಲಿಲ್ಲ ಪುಣ್ಯಾತ್ಮ.

ನೇರ ಮಾತು

ಎಲ್ಲರೂ ಕಣ್ಣೀರು ಹಾಕುತ್ತಿದ್ದೀರಿ, ನಾನೊಬ್ಬ ಎದುರು ಹೇಳುತ್ತೇನೆ. ನನ್ನ ತಮ್ಮ ಕುಡಿದು ಕುಡಿದು ಯಕೃತ್ತು ಕೊಳೆತು ಸತ್ತ. ಹತ್ತು ವರ್ಷ ನಮ್ಮ ನೆಂಟರೆಲ್ಲ ಒಳ್ಳೆಯವರಾಗಿ ನಗುತ್ತಾ ಇದ್ದರು. "ಪಾಪ, ಒಳ್ಳೆಯ ಹುಡುಗ" ಎನ್ನುತ್ತಿದ್ದರು. ಒಬ್ಬನಾದರೂ ಕಪಾಳಕ್ಕೆ ಹೊಡೆದು ಹೇಳಿದ್ದರೆ ಉಳಿಯುತ್ತಿದ್ದನೋ ಏನೋ. ತೀರ್ಪು ಕೊಡಬೇಡಿ, ತೀರ್ಪು ಕೊಡಬೇಡಿ ಎಂದು ನಾವು ಕೈತೊಳೆದುಕೊಳ್ಳುವುದೂ ಒಂದು ಪಾಪವೇ. ಬೈಬಲಿನಲ್ಲಿ ದಾವೀದ ಅರಸ ತಪ್ಪು ಮಾಡಿದಾಗ ಪ್ರವಾದಿ ನಾತಾನ ಮುಖಕ್ಕೆ ಬೆರಳು ತೋರಿಸಿ "ಆ ಮನುಷ್ಯ ನೀನೇ" ಎನ್ನಲಿಲ್ಲವೇ? ಹೇಮಾವತಿ ದಂಡೆಯವರು ಹೇಳಿದ್ದು ಒರಟು ಇರಬಹುದು, ಸುಳ್ಳಲ್ಲ.

ಕಾಫಿಹೂವು

ಸತ್ತವನಿಗೆ ಹೇಳಬೇಕಾದ ಮಾತನ್ನು ಅವನು ಬದುಕಿದ್ದಾಗ ಹೇಳದೆ, ಸತ್ತ ಮೇಲೆ ಅವನ ಹೆಂಡತಿಗೆ ಹೇಳುವುದು ಯಾವ ಧೈರ್ಯ?

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ನೇರ ಮಾತಿನವರೇ, ನಿಮ್ಮ ತಮ್ಮನ ವಿಷಯ ಓದಿ ನೋವಾಯಿತು. ನಿಮ್ಮ ಸಿಟ್ಟು ನ್ಯಾಯವಾದದ್ದು. ನಾತಾನನ ಉದಾಹರಣೆಯೂ ಒಳ್ಳೆಯದೇ, ಆದರೆ ಅದನ್ನು ಪೂರ್ತಿ ನೋಡೋಣ. ನಾತಾನ ಹೋದದ್ದು ಯಾರ ಬಳಿಗೆ? ಸಿಂಹಾಸನದ ಮೇಲೆ ಸುಖವಾಗಿದ್ದ, ಇನ್ನೊಬ್ಬನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತಂದಿಟ್ಟುಕೊಂಡಿದ್ದ ಅರಸನ ಬಳಿಗೆ. ಬೂದಿಯಲ್ಲಿ ಕುಳಿತು ಬೋಕಿಯಿಂದ ಹುಣ್ಣು ಕೆರೆದುಕೊಳ್ಳುತ್ತಿದ್ದ ಯೋಬನಂಥವನ ಬಳಿಗಲ್ಲ. ಅಲ್ಲದೆ ಅವನಾಗಿ ಹೋದದ್ದಲ್ಲ, ದೇವರು ಕಳಿಸಿದ. ಹೋದವನು ಮೊದಲು ಹೇಳಿದ್ದು ಒಂದು ಕುರಿಮರಿಯ ಕಥೆ. ಮುಂದೆ ಅದೇ ದಾವೀದನ ಮಗು ಕಾಯಿಲೆಯಿಂದ ಮಲಗಿ, ಅವನು ಊಟ ಬಿಟ್ಟು ನೆಲದ ಮೇಲೆ ಬಿದ್ದಿದ್ದಾಗ, ಮನೆಯ ಹಿರಿಯರು ಬಂದು ಎಬ್ಬಿಸಲು ನೋಡುತ್ತಾರೆ, ಊಟಕ್ಕೆ ಕರೆಯುತ್ತಾರೆ. ತಪ್ಪು ಯಾರದ್ದೆಂದು ಇಡೀ ಅರಮನೆಗೆ ಗೊತ್ತು. ಆ ಹೊತ್ತಿನಲ್ಲಿ ಯಾರೂ ಅದನ್ನು ಎತ್ತುವುದಿಲ್ಲ.

ನಿಮ್ಮ ತಮ್ಮನಿಗೆ ಬೇಕಿದ್ದದ್ದು ನಾತಾನ. ಆ ಹೆಣ್ಣುಮಗಳಿಗೆ ಬೇಕಿದ್ದದ್ದು ಆ ಹಿರಿಯರು. ಯಾವ ಹೊತ್ತಿಗೆ ಯಾವುದು ಎಂದು ತಿಳಿಯುವುದನ್ನೇ ನಾನು ಜ್ಞಾನ ಎಂದುಕೊಂಡಿದ್ದೇನೆ, ಅದು ನನ್ನ ಓದಿನಿಂದ ನನಗೆ ಬಂದಿಲ್ಲ.

ಬೆಳಗೊಳದ ಬಸದಿ ಬೀದಿ

ನಾವು ಜೈನರು. ಕರ್ಮದ ಲೆಕ್ಕವನ್ನು ನಮ್ಮಷ್ಟು ಬಿಡಿಸಿ ಬರೆದವರು ಕಡಿಮೆ. ಜ್ಞಾನಾವರಣೀಯ, ವೇದನೀಯ, ಮೋಹನೀಯ ಎಂದು ಕರ್ಮಗಳು ಎಂಟು ಬಗೆ, ಅವುಗಳ ಒಳಗೆ ಮತ್ತೆ ಬಗೆಗಳು. ಆದರೆ ನಮ್ಮ ಅಜ್ಜಿ ಒಂದು ಮಾತು ಹೇಳುತ್ತಿದ್ದರು. ಇನ್ನೊಬ್ಬರ ಕರ್ಮ ಕಾಣುವುದು ಕೇವಲಜ್ಞಾನ, ಅಂದರೆ ಎಲ್ಲವನ್ನೂ ಬಲ್ಲ ಅರಿವು, ಪಡೆದವರಿಗೆ ಮಾತ್ರ, ನಿನಗೆ ಕೇವಲಜ್ಞಾನ ಬಂದಿದ್ದರೆ ಹೇಳು, ಮೊದಲು ನಿನಗೇ ಆರತಿ ಎತ್ತುತ್ತೇನೆ ಎಂದು. ಯಾರದಾದರೂ ಕಷ್ಟ ಕೇಳಿ ನಾವು "ಮಾಡಿದ್ದುಣ್ಣೋ ಮಹಾರಾಯ" ಎಂದರೆ ಅಜ್ಜಿ ಊಟದ ತಟ್ಟೆ ಎತ್ತಿಟ್ಟುಬಿಡುತ್ತಿದ್ದರು. ಸಮ್ಯಕ್ ದೃಷ್ಟಿ ಬಂದವನ ಗುರುತುಗಳಲ್ಲಿ ಅನುಕಂಪೆಯೂ ಒಂದು. ಕರ್ಮಸಿದ್ಧಾಂತ ನನ್ನ ಮುಖ ನೋಡಿಕೊಳ್ಳಲು ಕೊಟ್ಟ ಕನ್ನಡಿ. ಅದನ್ನು ಎದುರಿನವನ ಕಣ್ಣಿಗೆ ಬಿಸಿಲು ಹೊಡೆಯಲು ಬಳಸುವವರೇ ಹೆಚ್ಚು.

ಬೇಲೂರಿನ ಅಮ್ಮ

ಎರಡು ದಿನಗಳಿಂದ ಓದುತ್ತಿದ್ದೇನೆ. ಬರೆಯಬೇಕೋ ಬೇಡವೋ ಎಂದಿದ್ದೆ. ನಾನು ಚರ್ಚಿಗೆ ಹೋಗುವವಳಲ್ಲ, ಮೇಷ್ಟ್ರು ಹೇಳಿದ ಪುಸ್ತಕ ಓದಿಲ್ಲ. ನಾನು ಬೂದಿಯಲ್ಲಿ ಕುಳಿತವರ ಕಡೆಯವಳು.

ನನ್ನ ಮಗನಿಗೆ ಈಗ 11 ವರ್ಷ. ಹೆರಿಗೆ ತಡವಾಗಿ, ಹುಟ್ಟಿದಾಗ ಅವನು ಅಳಲಿಲ್ಲ. ಮೆದುಳಿಗೆ ಆಮ್ಲಜನಕ ಸಾಲಲಿಲ್ಲ. ಸೆರೆಬ್ರಲ್ ಪಾಲ್ಸಿ ಎಂದರು. ನಡೆಯುವುದಿಲ್ಲ, ಮಾತು ಸ್ಪಷ್ಟವಿಲ್ಲ, ನಗು ಮಾತ್ರ ಊರಿಗೆಲ್ಲ ಕೇಳಿಸುತ್ತದೆ. ಈ 11 ವರ್ಷಗಳಲ್ಲಿ ನಾನು ಕೇಳಿಸಿಕೊಂಡದ್ದು: ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದೆಯಾ? ಬಸುರಿಯಾಗಿದ್ದಾಗ ಹಾವು ಹೊಡೆದದ್ದನ್ನು ನೋಡಿದೆಯಾ? ಗಂಡನ ಮನೆಯಲ್ಲಿ ನಾಗನ ಕಟ್ಟೆ ಕೆಡವಿದ್ದಾರಾ? ಅತ್ತೆಯನ್ನು ನೋಯಿಸಿದ್ದೆಯಾ? ಮದುವೆಯ ಮನೆಗಳಲ್ಲಿ ಊಟದ ಪಂಕ್ತಿಯಲ್ಲೇ ಕೇಳುತ್ತಾರೆ, ಪಾಯಸ ಬಡಿಸುವ ಮೊದಲು. ಓದಿದವರು ಬೇರೆ ಥರ ಕೇಳುತ್ತಾರೆ. ಸ್ಕ್ಯಾನಿಂಗ್ ಮಾಡಿಸಿರಲಿಲ್ಲವಾ? ಯಾವ ಆಸ್ಪತ್ರೆ ಅದು, ಅಲ್ಲಿಗೆ ಏಕೆ ಹೋದಿರಿ? ಎಲ್ಲರಿಗೂ ಬೇಕಿರುವುದು ಒಂದೇ, ನನ್ನಿಂದ ಒಂದು ತಪ್ಪು. ಅದು ಸಿಕ್ಕರೆ ಅವರು ನೆಮ್ಮದಿಯಾಗಿ ಮನೆಗೆ ಹೋಗಬಹುದು. ಹೇಮಾವತಿ ದಂಡೆಯ ಅಣ್ಣ ಬರೆದದ್ದನ್ನು ಓದಿದಾಗ ಮೊದಲ ಸಲ, ಆ ಕಡೆಯಿಂದ ಒಬ್ಬರು ಒಪ್ಪಿಕೊಂಡರಲ್ಲ ಎನಿಸಿತು.

ನನಗೆ ನೆನಪಿರುವ ಒಳ್ಳೆಯವರಲ್ಲಿ ಒಬ್ಬರನ್ನು ಹೇಳುತ್ತೇನೆ. ನಮ್ಮ ಬೀದಿಯ ಹೂ ಕಟ್ಟುವ ಅಜ್ಜಿ. ಮಗನಿಗೆ ಮೂರು ತಿಂಗಳಿದ್ದಾಗ ಬಂದು, ಏನೂ ಕೇಳದೆ, ನೆನೆಸಿಟ್ಟಿದ್ದ ಬಟ್ಟೆಯನ್ನೆಲ್ಲ ಒಗೆದು ಹರವಿ, ಅಕ್ಕಿರೊಟ್ಟಿ ತಟ್ಟಿಟ್ಟು ಹೋದರು. ಹೋಗುವಾಗ ಮಗುವಿನ ಪಾದ ಹಿಡಿದು ನೋಡಿ, "ಅಪ್ಪನ ಕಾಲು" ಎಂದರು. ಅಷ್ಟೇ. ಎಲ್ಲ ಮಕ್ಕಳನ್ನು ನೋಡಿ ಹೇಳುವ ಮಾತನ್ನು ನನ್ನ ಮಗನಿಗೂ ಹೇಳಿದವರು ಅವರೊಬ್ಬರೇ.

ಮಲೆನಾಡಿನ ಸುವಾರ್ತಿಕ

ಅಕ್ಕ, ನಿಮ್ಮ ಮಗನಂಥವರ ಕುರಿತೇ ಯೇಸು ಸ್ವಾಮಿಯನ್ನು ಶಿಷ್ಯರು ಕೇಳಿದ್ದರು. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದಿಂದ, ಇವನದೋ ತಂದೆತಾಯಿಯದೋ ಎಂದು. ಎರಡೂ ಅಲ್ಲ, ದೇವರ ಕೆಲಸ ಇವನಲ್ಲಿ ಕಾಣಿಸಿಕೊಳ್ಳಲೆಂದು ಹೀಗಾಯಿತು ಎಂದರು. ನಿಮ್ಮ ಮಗ ದೇವರ ಮಹಿಮೆಗಾಗಿ ಹುಟ್ಟಿದವನು.

ಬೇಲೂರಿನ ಅಮ್ಮ

ಮೊದಲ ಅರ್ಧ ಇಷ್ಟವಾಯಿತು ತಮ್ಮ. ಎರಡನೆಯ ಅರ್ಧ ನೀನು ಹೇಳಿದಾಗ ಕಷ್ಟವಾಯಿತು. ನನ್ನ ಮಗ ಯಾರ ಮಹಿಮೆಗೂ ಸಾಧನವಲ್ಲ, ಅವನಿಗೆ ಸಂಜೆ ನಾಲ್ಕಕ್ಕೆ ಬಿಸ್ಕತ್ತು ಬೇಕು. ಆ ಸ್ವಾಮಿ ಹಾಗೆ ಹೇಳಿ ಮುಂದೆ ಏನು ಮಾಡಿದರು?

ಮಲೆನಾಡಿನ ಸುವಾರ್ತಿಕ

ಉಗುಳಿನಿಂದ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ಹೋಗಿ ಕೊಳದಲ್ಲಿ ತೊಳೆದುಕೋ ಎಂದರು. ಅವನಿಗೆ ದೃಷ್ಟಿ ಬಂತು.

ನೀವು ಕೇಳಿದ್ದು ಅರ್ಥವಾಯಿತು ಅಕ್ಕ. ನಾನು ಮಣ್ಣು ಕಲಸುವುದನ್ನು ಬಿಟ್ಟು ವಾಕ್ಯ ಮಾತ್ರ ಹೇಳಿದೆ. ಕ್ಷಮಿಸಿ.

ಮುಳುಗಡೆಯ ಮೊಮ್ಮಗ

ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿನ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದರು, ಹಿನ್ನೀರು ಊರುಗಳನ್ನು ನುಂಗಿತು. ಈಗ ಮಳೆಗಾಲದಲ್ಲಿ ಚರ್ಚಿನ ಅರ್ಧ ಗೋಡೆ ನೀರಿನ ಮೇಲೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರ ಸಾಲು.

ನಮ್ಮ ಅಜ್ಜಿಯ ತವರು ಆ ಮುಳುಗಡೆಯ ಊರುಗಳಲ್ಲೊಂದು. ಹೊಸ ಊರಿಗೆ ಬಂದಾಗ ಅಲ್ಲಿಯವರು ಹೇಳಿದ ಮಾತನ್ನು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರು: "ದೇವರ ಮನೆಯೇ ಮುಳುಗಿತು ಎಂದರೆ ಆ ಊರಿನವರು ಎಂಥ ಪಾಪ ಮಾಡಿರಬೇಕು!" ಅಜ್ಜಿಗೆ ಇದ್ದ ಪಾಪ ಒಂದೇ, ನದಿಯ ದಂಡೆಯಲ್ಲಿ ಗದ್ದೆ ಇದ್ದದ್ದು. ಆ ನೀರು ಎಲ್ಲಿಗೆ ಹೋಯಿತು ನೋಡಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಕಾಲುವೆಗಳಿಗೆ. ಹಾಗೆ ಮಾತನಾಡಿದವರ ಗದ್ದೆಗೂ ಹೋಗಿರಬಹುದು. ಒಬ್ಬರ ಮುಳುಗಡೆ ಇನ್ನೊಬ್ಬರ ಭತ್ತ. ಭತ್ತ ಬೆಳೆದವರು ಅದನ್ನು ತಮ್ಮ ಪುಣ್ಯ ಎಂದರು, ಮುಳುಗಿದವರದನ್ನು ಪಾಪ ಎಂದರು.

ಯೇಸುವಿನ ಕಾಲದಲ್ಲಿ ಸಿಲೋವಾಮಿನ ಬುರುಜು ಬಿದ್ದು 18 ಮಂದಿ ಸತ್ತಾಗಲೂ ಜನ ಹೀಗೆಯೇ ಆಡಿಕೊಂಡಿರಬೇಕು. ಅವರು ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಭಾವಿಸುತ್ತೀರೋ ಎಂದು ಯೇಸು ಕೇಳಿದ್ದು ಸುಮ್ಮನೆ ಅಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿ ಮನೆ ತೋಟ ಹೋದಾಗಲೂ ಕೇಳಿದೆವಲ್ಲ, "ಕಾಡು ಕಡಿದರು, ಅನುಭವಿಸಲಿ". ಕಾಡು ಕಡಿದದ್ದು ಯಾರೋ, ಮಣ್ಣಿನಡಿ ಸಿಕ್ಕಿದ್ದು ಇನ್ಯಾರೋ.

ಕೋಟೆ ಬಡಾವಣೆ, ಚಿಕ್ಕಮಗಳೂರು

ಮೇಷ್ಟ್ರು ಹೇಳಿದ ಯೋಬನನ್ನು ನಮ್ಮಲ್ಲಿ ಅಯ್ಯೂಬ್ ಪ್ರವಾದಿ ಎನ್ನುತ್ತೇವೆ. ಕುರ್‌ಆನ್‌ನಲ್ಲಿ ಅವರ ಪ್ರಾರ್ಥನೆ ಒಂದೇ ಸಾಲು. ನನಗೆ ಸಂಕಟ ತಟ್ಟಿದೆ, ನೀನು ಕರುಣಾಳುಗಳಲ್ಲೆಲ್ಲ ಹೆಚ್ಚಿನ ಕರುಣಾಳು. ತೆಗೆದುಹಾಕು ಎಂದು ಕೂಡ ಕೇಳಲಿಲ್ಲ. ನಮ್ಮ ಅಬ್ಬಾ ಕ್ಯಾನ್ಸರ್‌ನಿಂದ ಮಲಗಿದ್ದಾಗ ನೋಡಲು ಬಂದವರು ಒಂದೊಂದು ಔಷಧ, ಒಂದೊಂದು ಕಾರಣ ಹೇಳಿ ಹೋಗುತ್ತಿದ್ದರು. ಅಬ್ಬಾ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಅವರು ಹೋದ ಮೇಲೆ, "ಅಯ್ಯೂಬರಿಗೆ ಹುಣ್ಣು ಮಾತ್ರ ಇತ್ತು ಅಂದುಕೊಂಡಿದ್ದೆ, ನೋಡಲು ಬರುವವರೂ ಇದ್ದರಲ್ಲ!" ಎನ್ನುತ್ತಿದ್ದರು.

ಹೇಮಾವತಿ ದಂಡೆ

ಎಲ್ಲರಿಗೂ ಉತ್ತರಿಸಲು ಆಗಲಿಲ್ಲ. ಕಾಫಿ ಕೊಯ್ಲು, ಆಳು ಸಿಗುತ್ತಿಲ್ಲ. ಬೇಲೂರಿನ ತಂಗಿ ಬರೆದದ್ದನ್ನು ನಾಲ್ಕು ಸಲ ಓದಿದೆ.

ಒಂದು ಪದದ ಮೇಲೆ ನನ್ನ ಮನಸ್ಸು ನಿಂತಿದೆ. ಬೈಬಲಿನಲ್ಲಿರುವ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯ. ಜ್ಞಾನ ಕಡಿಮೆಯಿರುವವನು ದೇವರನ್ನು ಕೇಳಿಕೊಳ್ಳಲಿ, ಆತ ಹಂಗಿಸದೆ ಎಲ್ಲರಿಗೂ ಉದಾರವಾಗಿ ಕೊಡುತ್ತಾನೆ. ಸಭೆಯಲ್ಲಿ ಇದನ್ನು ಬೋಧಿಸುವಾಗ ನಾನು "ಉದಾರವಾಗಿ" ಎಂಬುದಕ್ಕೆ ಒತ್ತು ಕೊಡುತ್ತಿದ್ದೆ. "ಹಂಗಿಸದೆ" ಎಂಬುದನ್ನು ದಾಟಿ ಹೋಗುತ್ತಿದ್ದೆ. ನಮ್ಮ ಕಡೆ ಸಾಲ ಕೊಟ್ಟವನು ಹಂಗಿಸುತ್ತಾನೆ, ಅನ್ನ ಹಾಕಿದವನು ಹಂಗಿಸುತ್ತಾನೆ. ಮಾವನ ಮನೆಯ ಹಂಗಿನ ಕೂಳು ಎಂಬ ಮಾತಿದೆ. ಏನನ್ನೇ ಕೇಳಲು ಹೋದರೂ "ಮೊದಲೇ ಹೇಳಿರಲಿಲ್ಲವಾ, ನಿನ್ನ ತಪ್ಪಿನಿಂದಲೇ ಹೀಗಾಯಿತು" ಎಂಬ ಮಾತು ಮೊದಲು, ಕೊಡುವುದು ಆಮೇಲೆ. ದೇವರು ಹಾಗೆ ಮಾಡುವುದಿಲ್ಲವಂತೆ. ಕೇಳಿ ಬಂದವನ ಹಳೆಯ ಲೆಕ್ಕ ತೆಗೆಯುವುದಿಲ್ಲ.

ಹಂಗಿಸದೆ ಕೊಡುವವನಲ್ಲಿ ಕೇಳಿ ತಂದದ್ದನ್ನು ನಾನು ಹಂಗಿಸಿ ಹಂಚಿದೆ ಎಂದುಕೊಳ್ಳುತ್ತಿದ್ದೆ. ಅದೂ ಸರಿಯಲ್ಲ. ಆ ದಿನ ಆ ಮನೆಗೆ ಹೋಗುವ ಮೊದಲು ನಾನು ಏನನ್ನೂ ಕೇಳಿರಲೇ ಇಲ್ಲ. ಏನು ಹೇಳಬೇಕೆಂದು ನನಗೆ ಗೊತ್ತಿತ್ತು.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ಯೋಬನ ಪುಸ್ತಕದ ಕೊನೆ ನೋಡಿ. ದೇವರ ಕೋಪ ಬರುವುದು ಸ್ನೇಹಿತರ ಮೇಲೆ. ನನ್ನ ವಿಷಯವಾಗಿ ನನ್ನ ಸೇವಕ ಯೋಬ ಆಡಿದಂತೆ ನೀವು ಸರಿಯಾಗಿ ಆಡಲಿಲ್ಲ ಎನ್ನುತ್ತಾನೆ. ಏಳು ಹೋರಿ, ಏಳು ಟಗರು ತೆಗೆದುಕೊಂಡು ಯೋಬನ ಬಳಿಗೆ ಹೋಗಬೇಕು, ಅವನು ಇವರಿಗಾಗಿ ಪ್ರಾರ್ಥಿಸಬೇಕು. ಹುಣ್ಣು ಹಿಡಿದವನ ಬಾಗಿಲಿಗೆ ಈ ಮೂವರು ಪಂಡಿತರು ಹೋರಿ ಹೊಡೆದುಕೊಂಡು ಹೋಗುವ ದೃಶ್ಯ ಕಲ್ಪಿಸಿಕೊಳ್ಳಿ. ಯೋಬನಿಗೆ ತನ್ನ ಕಷ್ಟದ ಕಾರಣ ಕೊನೆಯವರೆಗೂ ಗೊತ್ತಾಗುವುದಿಲ್ಲ. ಓದುವ ನಮಗೆ ಗೊತ್ತು, ಅವನಿಗಿಲ್ಲ.

ನಿಮ್ಮಲ್ಲಿ ಹೋರಿ ಇದೆಯೋ ಇಲ್ಲವೋ ತಿಳಿಯದು. ಹೋಗಿ ಬನ್ನಿ.

ನೇರ ಮಾತು

ಮೇಷ್ಟ್ರ ಮಾತನ್ನು ಅರ್ಧ ಒಪ್ಪುತ್ತೇನೆ. ನನ್ನ ಸಿಟ್ಟು ಹೋಗಿಲ್ಲ. ತಮ್ಮ ಬದುಕಿದ್ದಾಗ ನಾನೂ ಒಮ್ಮೆಯೂ ಹೇಳಿರಲಿಲ್ಲ ಎಂಬುದನ್ನು ಮೇಲೆ ಬರೆಯಲಿಲ್ಲ, ಈಗ ಬರೆಯುತ್ತಿದ್ದೇನೆ.

ಹೇಮಾವತಿ ದಂಡೆ

ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಚೆಂದ ಮಾಡುವುದಿಲ್ಲ.

ಸಂಜೆ ಹೊತ್ತು. ಅಂಗಳದಲ್ಲಿ ಕಾಫಿ ಹರವಿತ್ತು, ಅವಳು ಕಾಲಿನಿಂದ ಸಾಲು ಎಳೆಯುತ್ತಿದ್ದಳು. ನಾನು ದಾರಿಯುದ್ದಕ್ಕೂ ಒಂದು ಮಾತನ್ನು ಜೋಡಿಸಿಕೊಂಡು ಬಂದಿದ್ದೆ. ಬೇಲಿ ದಾಟುವಾಗ ಅದು ಕೂಡ ಬೋಧನೆಯ ಥರವೇ ಇದೆ ಅನಿಸಿತು. ಬಿಟ್ಟೆ. ಎದುರಿಗೆ ನಿಂತು, "ಆ ದಿನ ನಾನು ಆಡಿದ ಮಾತು ತಪ್ಪು. ನನ್ನ ಹೆದರಿಕೆಗೆ ಆಡಿದೆ" ಎಂದೆ.

ಅವಳು ಸಾಲು ಎಳೆಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ಕಳೆದು, "ನೆನಪಿದೆ ಅಣ್ಣ" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ, "ಅವರು ಸಭೆಗೆ ಬರುವುದನ್ನು ಬಿಟ್ಟದ್ದು ಏಕೆ ಗೊತ್ತಾ? ಮೊದಲ ಮಗು ಹೋದಾಗ ನಮ್ಮ ನಂಬಿಕೆ ಸಾಲದು ಎಂದು ಯಾರೋ ಹೇಳಿದರು" ಎಂದಳು. ಯಾರೋ ಎಂದಳು. ಆ ವರ್ಷ ಪ್ರಾರ್ಥನಾ ಕೂಟ ನಡೆಸುತ್ತಿದ್ದವರು ಮೂವರು. ಅವರಲ್ಲಿ ನಾನೂ ಒಬ್ಬ. ನನಗೆ ನೆನಪಿಲ್ಲ. ಕಾಫಿಹೂವು ಬರೆದದ್ದು ಆಗ ನೆನಪಾಯಿತು, ಹೇಳಿದವರು ಮರೆಯುತ್ತಾರೆ ಎಂದು. ನಾನಾ ಎಂದು ಕೇಳಲು ಬಾಯಿ ಬರಲಿಲ್ಲ. ಅವಳೂ ಹೇಳಲಿಲ್ಲ.

ಕತ್ತಲಾಗುತ್ತಿತ್ತು. ಇಬ್ಬರೂ ಸೇರಿ ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದೆವು. ಮಗಳು ಕಲ್ಲು ತಂದು ಅಂಚಿಗೆ ಇಟ್ಟಳು. ಹೊರಡುವಾಗ ಕೇಳಿದಳು, "ತೋಟ ಇನ್ನೂ ಅವರ ಹೆಸರಿನಲ್ಲೇ ಇದೆ. ಪೌತಿ ಖಾತೆಗೆ ನಾಡಕಚೇರಿಗೆ ಎರಡು ಸಲ ಹೋಗಿ ಬಂದೆ, ಒಂದೊಂದು ಸಲ ಒಂದೊಂದು ಕಾಗದ ಕೇಳುತ್ತಾರೆ. ಸೋಮವಾರ ಜೊತೆಗೆ ಬರುತ್ತೀರಾ?"

ಬರುತ್ತೇನೆ ಎಂದಿದ್ದೇನೆ. ಯಾವ ಯಾವ ಕಾಗದ ಬೇಕೆಂದು ಗೊತ್ತಿದ್ದವರು ತಿಳಿಸಿ. ಮೂರನೆಯ ಸಲವೂ ಅವಳು ಬರಿಗೈಯಲ್ಲಿ ಮರಳುವುದು ಬೇಡ.

ಅರೇಬಿಕಾ ಅರ್ಧ ಎಕರೆ

ಮರಣ ಪ್ರಮಾಣಪತ್ರ, ವಂಶವೃಕ್ಷ, ಹೊಸ ಪಹಣಿ, ವಾರಸುದಾರರೆಲ್ಲರ ಆಧಾರ್ ಪ್ರತಿ. ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಪಹಣಿಯಲ್ಲಿರುವ ಹೆಸರಿಗೂ ಮರಣ ಪ್ರಮಾಣಪತ್ರದ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ತಕರಾರು ಮಾಡುತ್ತಾರೆ, ಭಾನುವಾರವೇ ಕೂತು ಹೋಲಿಸಿಬಿಡಿ.

ಹಾಸನದ ದಾದಿ

ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದಾಳೋ ಕೇಳಿ. ಇಲ್ಲದಿದ್ದರೆ ಅದೇ ನಾಡಕಚೇರಿಯಲ್ಲಿ ಅದೇ ದಿನ ಕೊಡಬಹುದು. ಬ್ಯಾಂಕ್ ಪಾಸ್‌ಬುಕ್ ಪ್ರತಿ ಮರೆಯಬೇಡಿ.

ಬೇಲೂರಿನ ಅಮ್ಮ

ಬೆಳಗ್ಗೆ ಬೇಗ ಹೋಗಿ ಅಣ್ಣ. ಮಧ್ಯಾಹ್ನದ ಮೇಲೆ ಸರ್ವರ್ ಇರುವುದಿಲ್ಲ. ಮಗಳು ಜೊತೆಗೆ ಬಂದರೆ ಬಿಸ್ಕತ್ತು ಇಟ್ಟುಕೊಂಡಿರಿ.